ಸ್ಲಿಪ್: ಎಂಜಿನ್ ಕೂಗಿದರೂ ದೋಣಿ ಯಾಕೆ ಓಡುವುದಿಲ್ಲ?

"ಎಂಜಿನ್ ಕೂಗ್ತದೆ ಮಾರಾಯ, ದೋಣಿ ಮಾತ್ರ ಹೋಗುದಿಲ್ಲ."

ಮಳೆಗಾಲ ಮುಗಿದು ದೋಣಿ ನೀರಿಗಿಳಿಸಿದ ದಿನ ನಮ್ಮ ಚಿಕ್ಕಪ್ಪ ಹೇಳಿದ ಮಾತು ಇದು. ಅವರದ್ದು ಹಳೆಯ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ತೂಗುಹಾಕುವಂಥದ್ದು. ಎರಡು ಸಿಲಿಂಡರ್, ಟೂ ಸ್ಟ್ರೋಕ್. ಎರಡು ದಿನ ಕೂತು ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆವು. ಪ್ಲಗ್ ಬದಲಿಸಿದೆವು. ಏನೂ ಪ್ರಯೋಜನವಾಗಲಿಲ್ಲ. ಎಂಜಿನ್ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಸ್ಲಿಪ್ ಅಂದರೆ ಏನು ಎಂದು ನಮಗೆ ಗೊತ್ತಿದ್ದರೆ ಆ ಎರಡು ದಿನದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಸ್ಲಿಪ್ ಅಂದರೆ ಜಾರಾಟ. ಆದರೆ ಅದಕ್ಕೂ ಮೊದಲು ಪಿಚ್ ಎಂಬ ಇನ್ನೊಂದು ಪದ ತಿಳಿಯಬೇಕು. ಮರಕ್ಕೆ ಸ್ಕ್ರೂ ಕೂರಿಸುವುದನ್ನು ನೆನಪಿಸಿಕೊಳ್ಳಿ. ಒಂದು ಸುತ್ತು ತಿರುಗಿಸಿದರೆ ಅದು ಇಷ್ಟೇ ಒಳಗೆ ಹೋಗುತ್ತದೆ ಎಂಬ ಲೆಕ್ಕ ಇದೆ, ಅಲ್ವಾ? ದೋಣಿಯ ಪ್ರೊಪೆಲ್ಲರ್, ಅಂದರೆ ನಾವು ಫ್ಯಾನ್ ಅನ್ನುವುದು, ಅದೂ ಒಂದು ಸ್ಕ್ರೂ. ನೀರು ಮರದ ಹಾಗೆ ಗಟ್ಟಿಯಾಗಿದ್ದರೆ ಒಂದು ಸುತ್ತಿಗೆ ಫ್ಯಾನ್ ಎಷ್ಟು ಮುಂದೆ ಹೋಗುತ್ತಿತ್ತೋ ಅದೇ ಪಿಚ್. ಇದನ್ನು ಇಂಚಿನಲ್ಲಿ ಹೇಳುತ್ತಾರೆ. ಫ್ಯಾನಿನ ಮೇಲೆ ಸಾಮಾನ್ಯವಾಗಿ ಎರಡು ಅಂಕಿ ಕೊರೆದಿರುತ್ತಾರೆ. ಮೊದಲನೆಯದು ಅಡ್ಡಳತೆ, ಎರಡನೆಯದು ಪಿಚ್. ಬಣ್ಣ, ಉಪ್ಪು ಕೂತು ಕಾಣದಿದ್ದರೆ ಉಜ್ಜಿ ನೋಡಿ.

ಆದರೆ ನೀರು ಮರ ಅಲ್ಲ. ಫ್ಯಾನ್ ತಳ್ಳಿದಾಗ ಅದೂ ಸ್ವಲ್ಪ ಹಿಂದೆ ಸರಿಯುತ್ತದೆ. ಹಾಗಾಗಿ ಲೆಕ್ಕದಲ್ಲಿ ಹೋಗಬೇಕಾದಷ್ಟು ದೂರ ದೋಣಿ ಹೋಗುವುದಿಲ್ಲ. ಲೆಕ್ಕದ ವೇಗಕ್ಕೂ ನಿಜವಾದ ವೇಗಕ್ಕೂ ಇರುವ ಈ ವ್ಯತ್ಯಾಸವೇ ಸ್ಲಿಪ್. ಇದನ್ನು ಲೆಕ್ಕದ ವೇಗದ ಶೇಕಡದಲ್ಲಿ ಹೇಳುತ್ತಾರೆ. ಸ್ಲಿಪ್ ಇರುವುದು ತಪ್ಪಲ್ಲ. ಸ್ವಲ್ಪ ಜಾರದೆ ಫ್ಯಾನ್ ನೀರನ್ನು ತಳ್ಳಲಾರದು. ನೀರಿನ ಮೇಲೆ ಎದ್ದು ಓಡುವ ಹಗುರ ದೋಣಿಗೆ ಶೇ. 10ರಿಂದ 20 ಇರುವುದು ಸಹಜ. ಭಾರ ಹೊತ್ತು ನೀರನ್ನು ಸೀಳಿಕೊಂಡು ನಿಧಾನ ಹೋಗುವ ದೋಣಿಗೆ ಇದಕ್ಕಿಂತ ಜಾಸ್ತಿಯೇ ಇರುತ್ತದೆ.

ಈಗ ಲೆಕ್ಕ ಮಾಡೋಣ. ಎಂಜಿನ್ ನಿಮಿಷಕ್ಕೆ 5200 ಸುತ್ತು ತಿರುಗುತ್ತಿದೆ ಅನ್ನಿ. ಆದರೆ ಫ್ಯಾನ್ ಅಷ್ಟು ತಿರುಗುವುದಿಲ್ಲ, ಕೆಳಗಿನ ಗೇರ್ ಬಾಕ್ಸ್ ಅದನ್ನು ಇಳಿಸುತ್ತದೆ. ಗೇರ್ ಅನುಪಾತ 2.08 ಇದ್ದರೆ ಫ್ಯಾನಿನ ಸುತ್ತು 2500. ಪಿಚ್ 12 ಇಂಚು. 2500ನ್ನು 12ರಿಂದ ಗುಣಿಸಿದರೆ ನಿಮಿಷಕ್ಕೆ 30,000 ಇಂಚು, ಅಂದರೆ 762 ಮೀಟರ್. ಗಂಟೆಗೆ ಸುಮಾರು 45.7 ಕಿ.ಮೀ. ಫೋನಿನ ಜಿಪಿಎಸ್ 38 ತೋರಿಸಿದರೆ ಸ್ಲಿಪ್ ಶೇ. 17. ಇದು ಆರೋಗ್ಯವಂತ ದೋಣಿಯ ಲೆಕ್ಕ. ಅಳೆಯುವಾಗ ಒಂದು ಎಚ್ಚರಿಕೆ ಬೇಕು. ನೀರಿನ ಸೆಳೆತ ಜಿಪಿಎಸ್ ವೇಗದಲ್ಲಿ ಸೇರಿಕೊಳ್ಳುತ್ತದೆ. ಒಂದೇ ದಾರಿಯಲ್ಲಿ ಹೋಗಿ, ತಿರುಗಿ ಬಂದು, ಎರಡರ ಸರಾಸರಿ ತೆಗೆದುಕೊಳ್ಳಿ. ಸುತ್ತು ಎಣಿಸಲು ಪ್ಲಗ್ಗಿನ ವೈರಿಗೆ ಸುತ್ತುವ ಸಣ್ಣ ಟ್ಯಾಕೋಮೀಟರ್ ಸಾಕು.

ಇದರ ಉಪಯೋಗ ನಿಜವಾಗಿ ಗೊತ್ತಾಗುವುದು ದೋಣಿ ಓಡದಿದ್ದಾಗ. ಅದೇ ಎಂಜಿನ್, ಅದೇ ಫ್ಯಾನ್. ಥ್ರಾಟಲ್, ಅಂದರೆ ವೇಗ ಏರಿಸುವ ಹಿಡಿ, ಪೂರ್ತಿ ಕೊಟ್ಟಾಗ 5500 ಸುತ್ತು ಬರುತ್ತಿದೆ, ದೋಣಿ ಮಾತ್ರ 15 ಕಿ.ಮೀ. ವೇಗದಲ್ಲಿದೆ ಅನ್ನಿ. ಲೆಕ್ಕದ ಪ್ರಕಾರ 48 ಇರಬೇಕಿತ್ತು. ಸ್ಲಿಪ್ ಶೇ. 69! ಎಂಜಿನ್ ತನ್ನ ಕೆಲಸ ಮಾಡುತ್ತಿದೆ, ಆ ಶಕ್ತಿ ನೀರಿಗೆ ತಲುಪುತ್ತಿಲ್ಲ. ಇಂಥ ಹೊತ್ತಲ್ಲಿ ದಯವಿಟ್ಟು ಕಾರ್ಬ್ಯುರೇಟರ್ ಮುಟ್ಟಬೇಡಿ.

ಚಿಕ್ಕಪ್ಪನ ದೋಣಿಯ ಕತೆ ಇದೇ. ಔಟ್‌ಬೋರ್ಡಿನ ಎಷ್ಟೋ ಫ್ಯಾನುಗಳ ಒಳಗೆ ರಬ್ಬರಿನ ಬುಷ್ ಇರುತ್ತದೆ. ಶಾಫ್ಟಿನ ತಿರುಗಾಟ ಈ ರಬ್ಬರ್ ಮೂಲಕವೇ ರೆಕ್ಕೆಗಳಿಗೆ ಹೋಗಬೇಕು. ಫ್ಯಾನ್ ಬಂಡೆಗೋ ಮರಳಿಗೋ ಬಡಿದಾಗ ಗೇರಿನ ಹಲ್ಲು ಮುರಿಯದಿರಲಿ ಎಂದು ಈ ಏರ್ಪಾಡು. ವರ್ಷ ಕಳೆದಂತೆ ರಬ್ಬರ್ ಗಡುಸಾಗುತ್ತದೆ, ಹಿಡಿತ ಬಿಡುತ್ತದೆ. ಮೋಸ ಇರುವುದು ಇಲ್ಲೇ. ನಿಧಾನ ಹೋಗುವಾಗ ಹೊರೆ ಕಡಿಮೆ, ಆಗ ರಬ್ಬರ್ ಹಿಡಿದುಕೊಳ್ಳುತ್ತದೆ, ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಜೋರು ಕೊಟ್ಟ ಕೂಡಲೇ ಒಳಗೇ ಜಾರುತ್ತದೆ. ಕೈಯಲ್ಲಿ ತಿರುಗಿಸಿ ನೋಡಿದರೂ ಗೊತ್ತಾಗುವುದಿಲ್ಲ.

ಪತ್ತೆ ಮಾಡುವ ಉಪಾಯ ಸುಲಭ. ಎಂಜಿನ್ ಆಫ್ ಮಾಡಿ, ಪ್ಲಗ್ಗಿನ ವೈರ್ ಕಳಚಿ. ಫ್ಯಾನಿನ ಹತ್ತಿರ ಕೈ ಹಾಕುವ ಮೊದಲು ಇದನ್ನು ಮರೆಯಲೇಬಾರದು. ಆಮೇಲೆ ರಬ್ಬರಿನ ಒಳಗಿರುವ ಲೋಹದ ಕೊಳವೆಯಿಂದ ಹೊರಗಿನ ಫ್ಯಾನಿನ ಮೈವರೆಗೆ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಒಣಗಿದ ಮೇಲೆ ವೈರ್ ಮತ್ತೆ ಸಿಕ್ಕಿಸಿ ಒಂದು ಸುತ್ತು ಜೋರಾಗಿ ಓಡಿಸಿ ಬನ್ನಿ. ಗೆರೆ ಮುರಿದು ಎರಡು ಕಡೆ ಸರಿದಿದ್ದರೆ ಬುಷ್ ಹೋಗಿದೆ. ನಮ್ಮ ಗೆರೆ ಬೆರಳಗಲ ಸರಿದಿತ್ತು. ಒಂದು ವಿಷಯ ಗಮನಿಸಿ. ಇಲ್ಲಿ ಜಾರಿದ್ದು ರಬ್ಬರ್. ಆದರೂ ಲೆಕ್ಕದಲ್ಲಿ ಅದು ಸ್ಲಿಪ್ ಆಗಿಯೇ ಕಾಣುತ್ತದೆ. ಅದಕ್ಕೇ ಈ ಲೆಕ್ಕ ನನಗೆ ಇಷ್ಟ.

ಸ್ಲಿಪ್ ಜಾಸ್ತಿ ಬರಲು ಇನ್ನೊಂದು ಕಾರಣ ಗಾಳಿ. ಎಂಜಿನ್ ತುಂಬಾ ಎತ್ತರಕ್ಕೆ ಕೂತಿದ್ದರೆ, ಅಥವಾ ಜಾಸ್ತಿ ಓರೆಯಾಗಿದ್ದರೆ, ಫ್ಯಾನ್ ಮೇಲಿನಿಂದ ಗಾಳಿ ಎಳೆದುಕೊಳ್ಳುತ್ತದೆ. ತಿರುವಿನಲ್ಲಿ, ಅಲೆಯಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಕಿರುಚುವುದು ಇದರ ಗುರುತು. ಇದು ವೆಂಟಿಲೇಶನ್. ಇದನ್ನೇ ತುಂಬಾ ಜನ ಕ್ಯಾವಿಟೇಶನ್ ಅನ್ನುತ್ತಾರೆ, ಎರಡೂ ಬೇರೆ. ಕ್ಯಾವಿಟೇಶನ್‌ನಲ್ಲಿ ಹೊರಗಿನ ಗಾಳಿ ಇರುವುದಿಲ್ಲ. ರೆಕ್ಕೆಯ ಮೇಲೆ ಒತ್ತಡ ತೀರಾ ಇಳಿದು, ತಣ್ಣಗಿರುವ ನೀರೇ ಕುದ್ದು ಗುಳ್ಳೆಯಾಗುತ್ತದೆ. ಆ ಗುಳ್ಳೆಗಳು ಒಡೆದು ರೆಕ್ಕೆಯಲ್ಲಿ ಸಣ್ಣ ಸಣ್ಣ ಗುಂಡಿ ಮಾಡುತ್ತವೆ. ಫ್ಯಾನಿನ ಮೇಲಿರುವ ಚಪ್ಪಟೆ ಪ್ಲೇಟು ತಡೆಯುವುದು ಗಾಳಿಯನ್ನು. ಅದು ಹೆಚ್ಚುಕಮ್ಮಿ ದೋಣಿಯ ತಳದ ಮಟ್ಟಕ್ಕೇ ಇರಬೇಕು.

ಈಗ ಎದುರು ಬದಿ ನೋಡೋಣ. ಥ್ರಾಟಲ್ ಪೂರ್ತಿ ಕೊಟ್ಟರೂ 4200 ಸುತ್ತು ದಾಟುತ್ತಿಲ್ಲ, ವೇಗ 30. ಲೆಕ್ಕದ ವೇಗ 37, ಸ್ಲಿಪ್ ಶೇ. 19. ಫ್ಯಾನ್ ಚೆನ್ನಾಗಿ ನೀರು ಹಿಡಿಯುತ್ತಿದೆ, ಎಂಜಿನ್ನಿಗೇ ಎಳೆಯಲು ಆಗುತ್ತಿಲ್ಲ. ಈಗ ಮೇಲಿನ ಮುಚ್ಚಳ ತೆಗೆಯಿರಿ. ಮೊದಲು ಎಂಜಿನ್ ನಿಲ್ಲಿಸಿ ಯಾರಿಗಾದರೂ ಥ್ರಾಟಲ್ ಪೂರ್ತಿ ತಿರುಗಿಸಲು ಹೇಳಿ, ಕಾರ್ಬ್ಯುರೇಟರ್ ಬಾಯಿ ಪೂರ್ತಿ ತೆರೆಯುತ್ತದಾ ನೋಡಿ. ಹಳೆಯ ಕೇಬಲ್ ಎಳೆದು ಹೋಗಿ ಮುಕ್ಕಾಲು ಭಾಗ ಮಾತ್ರ ತೆರೆಯುವುದುಂಟು. ಆಮೇಲೆ ಜೋರಾಗಿ ಓಡುತ್ತಿರುವಾಗ ಜೊತೆಗಿದ್ದವರು ಇಂಧನದ ಪೈಪಿನ ರಬ್ಬರ್ ಉಂಡೆಯನ್ನು ಒತ್ತುತ್ತಾ ಇರಲಿ. ವೇಗ ಏರಿದರೆ ಇಂಧನ ಸಾಕಾಗುತ್ತಿಲ್ಲ ಎಂದರ್ಥ. ಪಂಪು, ಪೈಪು, ಫಿಲ್ಟರ್ ನೋಡಬೇಕು. ಎರಡು ಸಿಲಿಂಡರಿನ ಕಂಪ್ರೆಶನ್ (ಒಳಗೆ ಅದುಮಿದ ಗಾಳಿಯ ಒತ್ತಡ) ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಪಿಸ್ಟನ್ನಿನ ರಿಂಗ್ ಸವೆದಿರಬಹುದು. ನಮ್ಮ ಕರಾವಳಿಯಲ್ಲಿ ಪೆಟ್ರೋಲಿನಲ್ಲಿ ಶುರು ಮಾಡಿ ಸೀಮೆಎಣ್ಣೆಗೆ ಬದಲಿಸುವ ಎಂಜಿನ್‌ಗಳು ತುಂಬಾ ಇವೆ. ಅವುಗಳಲ್ಲಿ ಮಸಿ ಬೇಗ ಕಟ್ಟುತ್ತದೆ, ರಿಂಗುಗಳು ಅಂಟಿಕೊಳ್ಳುತ್ತವೆ.

ಎಂಜಿನ್ನಿನಲ್ಲಿ ಏನೂ ಸಿಗದಿದ್ದರೆ ಫ್ಯಾನಿನ ಪಿಚ್ಚೇ ಜಾಸ್ತಿ ಇರಬಹುದು. ಪಿಚ್ ಒಂದು ಇಂಚು ಕಡಿಮೆ ಮಾಡಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ದೊಡ್ಡ ಪಿಚ್ ಹಾಕಿದರೆ ಜಾಸ್ತಿ ಸ್ಪೀಡ್ ಎಂದು ನಂಬಿದವರು ಇದನ್ನು ಒಪ್ಪುವುದು ಕಷ್ಟ. ಆದರೆ ದೊಡ್ಡದಾದಷ್ಟೂ ಒಳ್ಳೆಯದಲ್ಲ ಅನ್ನುವುದಕ್ಕೆ ಹಳೆಯ ಸಾಕ್ಷಿ ಇದೆ. 1837ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ರೈತ, ಮರದ ಸ್ಕ್ರೂ ಕೂರಿಸಿದ ದೋಣಿಯನ್ನು ಲಂಡನ್ನಿನ ಕಾಲುವೆಯಲ್ಲಿ ಓಡಿಸಿ ನೋಡುತ್ತಿದ್ದ. ಸ್ಕ್ರೂ ಎರಡು ಸುತ್ತಿನಷ್ಟು ಉದ್ದ ಇತ್ತು. ಏನೋ ಬಡಿದು ಅದರ ಅರ್ಧ ಮುರಿದು ಹೋಯಿತು. ದೋಣಿ ನಿಲ್ಲಲಿಲ್ಲ, ಮೊದಲಿಗಿಂತ ಜೋರಾಗಿ ಓಡಿತು! ಅಲ್ಲಿ ಮುರಿದದ್ದು ಸ್ಕ್ರೂವಿನ ಉದ್ದ, ಪಿಚ್ ಬದಲಾಗಿರಲಿಲ್ಲ. ಆದರೂ ಎಂಜಿನ್ನಿಗೆ ಹೊರೆಯಾಗುವ ಫ್ಯಾನ್ ದೊಡ್ಡದಾದಷ್ಟೂ ಒಳ್ಳೆಯದಲ್ಲ ಅನ್ನುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಸುತ್ತೂ ಕಡಿಮೆ, ಸ್ಲಿಪ್ಪೂ ಜಾಸ್ತಿ ಬಂದರೆ ದೋಣಿಯನ್ನೇ ದಡಕ್ಕೆ ಎಳೆದು ನೋಡಿ. ತಳಕ್ಕೆ ಚಿಪ್ಪು, ಪಾಚಿ ಅಂಟಿರಬಹುದು. ಹಳೆಯ ಫೈಬರ್ ದೋಣಿಯಾದರೆ ಒಳಗಿನ ಫೋಮ್ ನೀರು ಕುಡಿದು ಭಾರವಾಗಿರಬಹುದು.

ಸ್ಲಿಪ್ ಸೊನ್ನೆಗಿಂತ ಕೆಳಗೆ ಬಂದರೆ? ದೋಣಿ ಲೆಕ್ಕಕ್ಕಿಂತ ಜೋರಾಗಿ ಓಡಿತೆಂದು ಖುಷಿಪಡಬೇಡಿ. ಗೇರ್ ಅನುಪಾತ ತಪ್ಪು ಹಿಡಿದಿರುತ್ತೀರಿ, ಅಥವಾ ಟ್ಯಾಕೋಮೀಟರ್ ಸೆಟ್ಟಿಂಗ್ ತಪ್ಪಿರುತ್ತದೆ, ಇಲ್ಲವೇ ಯಾರೋ ಹಿಂದೆ ಫ್ಯಾನ್ ರಿಪೇರಿ ಮಾಡುವಾಗ ರೆಕ್ಕೆ ಬಗ್ಗಿಸಿ, ಅದರ ಪಿಚ್ ಮೇಲೆ ಕೊರೆದ ಅಂಕಿಗಿಂತ ಬೇರೆಯಾಗಿರುತ್ತದೆ.