ಮುಷ್ಟಿಯ ತೂತಿನಿಂದ ಒಂದು ಗೋಡೆ

"ಅವನಿಗೆ ದೇವರೇ ಕಣ್ಣು ಕೊಟ್ಟಿದ್ದಾನೆ ಬಿಡಿ." ಒಳ್ಳೆಯ ಫೋಟೊ ಕಂಡ ಕೂಡಲೇ ಯಾರಾದರೊಬ್ಬರು ಈ ಮಾತು ಆಡುತ್ತಾರೆ. ಇನ್ನೊಬ್ಬರು 'ಕೈಗುಣ' ಅನ್ನುತ್ತಾರೆ. ಹೊಗಳುವ ಮನಸ್ಸಿನಿಂದಲೇ ಹೇಳಿರುತ್ತಾರೆ, ನಿಜ. ಆದರೆ ಪಕ್ಕದಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುವ ಹುಡುಗಿಯೊಬ್ಬಳು 'ಹಾಗಾದರೆ ನನಗೆ ಕೊಟ್ಟಿಲ್ಲ' ಅಂದುಕೊಂಡು ಕ್ಯಾಮೆರಾ ಕೆಳಗಿಡುತ್ತಾಳೆ. ಅದಕ್ಕೇ ನನಗೆ ಈ ಮಾತು ಕೇಳಿದರೆ ಸಂಕಟವಾಗುತ್ತದೆ. ಬೆಳಕು ನೋಡುವ ಕಣ್ಣನ್ನು ಯಾರು ಬೇಕಾದರೂ ರೂಢಿಸಿಕೊಳ್ಳಬಹುದು. ಆದರೆ ದಿನಾ ರೂಢಿಸಿಕೊಳ್ಳಬೇಕು, ಒಂದು ದಿನ ಕಲಿತು ಬಿಟ್ಟರೆ ಆಗದು. ಯಾಕೆ ಅನ್ನುವುದಕ್ಕೆ ಕಾರಣ ನಮ್ಮ ಮಿದುಳಿನಲ್ಲೇ ಇದೆ.

ನಾನು ಬೆಳಿಗ್ಗೆ ಫೋನ್ ಮುಟ್ಟುವ ಮುಂಚೆ ಹಿತ್ತಲಿನ ಕಾಂಪೌಂಡ್ ಗೋಡೆ ಎದುರು ಹತ್ತು ನಿಮಿಷ ಕೂರುತ್ತೇನೆ. ಕ್ಯಾಮೆರಾ ಒಳಗೇ ಇರುತ್ತದೆ. ಸುಣ್ಣ ಬಳಿದ ಸಾದಾ ಗೋಡೆ ಅದು. ಒಂದು ಕಡೆ ಬಾಳೆ, ಇನ್ನೊಂದು ಕಡೆ ಕೆಂಪು ಕೇಪಳದ ಗಿಡ. ಕೈ ಮುಷ್ಟಿ ಮಾಡಿ, ನಡುವೆ ಕಡಲೆಕಾಳಿನಷ್ಟು ತೂತು ಉಳಿಸಿಕೊಂಡು, ಒಂದೇ ಕಣ್ಣಿಂದ ಗೋಡೆಯ ಒಂದೊಂದೇ ಜಾಗ ನೋಡುತ್ತೇನೆ. ಬರಿಗಣ್ಣಿಗೆ ಇಡೀ ಗೋಡೆ ಬಿಳಿ. ತೂತಿನಿಂದ ನೋಡಿದರೆ ಹಾಗಿಲ್ಲ! ಬಿಸಿಲು ಬಿದ್ದಲ್ಲಿ ಬೆಣ್ಣೆಯ ಹಳದಿ. ನೆರಳಿನಲ್ಲಿ ತೆಳು ನೀಲಿ. ಬಾಳೆ ಎಲೆಯ ಪಕ್ಕ ಹಸಿರಿನ ಛಾಯೆ. ಬುಡದಲ್ಲಿ, ಅಂಗಳದ ಕೆಮ್ಮಣ್ಣಿನ ಮೇಲೆ ಬಿದ್ದ ಬೆಳಕು ಮೇಲಕ್ಕೆ ಚಿಮ್ಮಿ, ಅಲ್ಲಿ ಗೋಡೆ ಹೆಚ್ಚುಕಡಿಮೆ ಇಟ್ಟಿಗೆಯ ಬಣ್ಣ. ಇಷ್ಟು ಬಣ್ಣ ಎಲ್ಲಿ ಅಡಗಿತ್ತು?

ಅಡಗಿರಲಿಲ್ಲ. ಮಿದುಳು ಅದನ್ನೆಲ್ಲ ಕಳೆದು ನಮಗೆ ತೋರಿಸುತ್ತಿತ್ತು. ತುಪ್ಪ ತೂಗುವಾಗ ಅಂಗಡಿಯವರು ಮೊದಲು ಖಾಲಿ ಪಾತ್ರೆಯ ತೂಕ ನೋಡಿ ಅದನ್ನು ಕಳೆಯುತ್ತಾರಲ್ಲ, ಹಾಗೆ. ಕಣ್ಣಿಗೆ ಬರುವ ಬೆಳಕಿನಲ್ಲಿ ವಸ್ತುವಿನ ಬಣ್ಣವೂ ಇರುತ್ತದೆ, ಅದರ ಮೇಲೆ ಬಿದ್ದ ಬೆಳಕಿನ ಬಣ್ಣವೂ ಇರುತ್ತದೆ. ಬದುಕುವುದಕ್ಕೆ ಬೇಕಾದದ್ದು ಮೊದಲನೆಯದು. ಮಾವಿನಹಣ್ಣು ಸಂಜೆಗೂ ಹಣ್ಣಾಗಿಯೇ ಕಾಣಬೇಕು ತಾನೆ? ಹಾಗಾಗಿ ಮಿದುಳು ಸುತ್ತಮುತ್ತ ನೋಡಿ ಬೆಳಕಿನ ಬಣ್ಣ ಅಂದಾಜು ಮಾಡಿ, ಅದನ್ನು ಪಾತ್ರೆಯ ತೂಕದಂತೆ ಕಳೆದುಬಿಡುತ್ತದೆ. ಫ್ಯಾನಿನ ಸದ್ದು ಕರೆಂಟ್ ಹೋದಾಗಲೇ ಕೇಳಿಸುವುದು. ನಮ್ಮ ಮನೆಯ ವಾಸನೆ ಊರಿಗೆ ಹೋಗಿ ಬಂದ ದಿನ ಮಾತ್ರ ಮೂಗಿಗೆ ಬಡಿಯುವುದು. ಬೆಳಕಿನ ಪಾಡೂ ಅದೇ. ಆದರೆ ಫೋಟೊಗ್ರಾಫರ್‌ಗೆ ತುಪ್ಪದ ಜೊತೆ ಪಾತ್ರೆಯ ತೂಕವೂ ಬೇಕು. ಮುಷ್ಟಿಯ ತೂತು ಮಾಡುವ ಕೆಲಸ ಇಷ್ಟೆ: ಸುತ್ತಮುತ್ತಲಿನದನ್ನು ಮರೆಮಾಡುತ್ತದೆ. ಅಂದಾಜಿಗೆ ಆಧಾರ ಸಿಗದೆ ಮಿದುಳಿನ ಕಳೆಯುವ ಲೆಕ್ಕ ಸಡಿಲಾಗುತ್ತದೆ.

ಫಿಲ್ಮಿಗೆ ಈ ಲೆಕ್ಕ ಬರುತ್ತಿರಲಿಲ್ಲ. ಬೆಳಕಿನ ಬಣ್ಣವನ್ನು ಕೆಲ್ವಿನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಸಂಖ್ಯೆ ಇಳಿದಷ್ಟೂ ಬೆಳಕು ಹಳದಿ-ಕಿತ್ತಳೆ. ಹಗಲು ಬೆಳಕಿನ ಫಿಲ್ಮನ್ನು ಸುಮಾರು 5500 ಕೆಲ್ವಿನ್ನಿನ ಬೆಳಕಿಗೆ ಹೊಂದಿಸಿ ಮಾಡುತ್ತಿದ್ದರು. ಮನೆಯ ಹಳೇ ಬಲ್ಬಿನದು ಸುಮಾರು 2700. ಬಲ್ಬಿನ ಬೆಳಕಲ್ಲಿ ಫ್ಲ್ಯಾಶ್ ಇಲ್ಲದೆ ತೆಗೆದ ಫೋಟೊಗಳಲ್ಲಿ ಎಲ್ಲರ ಮುಖ ಕಿತ್ತಳೆ ಆಗುತ್ತಿದ್ದುದು ಇದಕ್ಕೇ. ಈಗಿನ ಕ್ಯಾಮೆರಾದಲ್ಲಿ ಆಟೊ ವೈಟ್ ಬ್ಯಾಲೆನ್ಸ್ ಇದೆ, ಅದೂ ಮಿದುಳಿನ ಹಾಗೆ ಅಂದಾಜು ಮಾಡುತ್ತದೆ. ಆದರೆ ಎರಡು ಬೆಳಕು ಬೆರೆತರೆ ಅದಕ್ಕೆ ದಾರಿ ತಪ್ಪುತ್ತದೆ. ಒಂದು ನಾಮಕರಣದಲ್ಲಿ ನನಗೆ ಹೀಗಾಯಿತು. ತೊಟ್ಟಿಲ ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಹಳದಿ ಬಲ್ಬು. ಮಗುವಿನ ಒಂದು ಕೆನ್ನೆ ನೀಲಿ, ಇನ್ನೊಂದು ಅರಿಶಿನ. ಕಂಪ್ಯೂಟರಿನಲ್ಲಿ ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು. ಅಲ್ಲಿ ನಿಂತಿದ್ದಾಗ ನನ್ನ ಕಣ್ಣಿಗೆ ಇದು ಒಂಚೂರೂ ಕಂಡಿರಲಿಲ್ಲ. ಗೋಡೆ ನೋಡುವ ಅಭ್ಯಾಸ ಶುರುವಾಗಿದ್ದು ಆಮೇಲೆಯೇ.

2015ರ ಫೆಬ್ರುವರಿಯಲ್ಲಿ ಲೋಕವೆಲ್ಲ ಒಂದು ಉಡುಪಿನ ಫೋಟೊ ಹಿಡಿದು ಜಗಳವಾಡಿದ್ದು ನೆನಪಿದೆಯಲ್ವಾ? ಸ್ಕಾಟ್ಲೆಂಡಿನ ಒಂದು ಮದುವೆಗಾಗಿ ಕೊಂಡ ಉಡುಪು. ಕೆಲವರಿಗೆ ಅದು ನೀಲಿ-ಕಪ್ಪು, ಕೆಲವರಿಗೆ ಬಿಳಿ-ಬಂಗಾರ. ಉಡುಪು ನಿಜಕ್ಕೂ ನೀಲಿ-ಕಪ್ಪು. ಆಗ ಯಾರ ಮನಸ್ಸು ಶುದ್ಧ, ಯಾರ ಕಣ್ಣಿಗೆ ದೋಷ ಅಂತೆಲ್ಲ ಹರಟಿದವರಿದ್ದರು. ಅದೆಲ್ಲ ಸುಳ್ಳು. ಉಡುಪು ನೆರಳಿನ ನೀಲಿ ಬೆಳಕಲ್ಲಿದೆ ಅಂದುಕೊಂಡ ಮಿದುಳು ನೀಲಿಯನ್ನು ಕಳೆಯಿತು, ಬಿಳಿ-ಬಂಗಾರ ಉಳಿಯಿತು. ಹಳದಿ ದೀಪದಲ್ಲಿದೆ ಅಂದುಕೊಂಡದ್ದು ಹಳದಿಯನ್ನು ಕಳೆಯಿತು, ನೀಲಿ-ಕಪ್ಪು ಉಳಿಯಿತು. ಪಾಸ್ಕಲ್ ವಾಲಿಷ್ ಅನ್ನುವ ನರವಿಜ್ಞಾನಿ ಸಾವಿರಾರು ಜನರನ್ನು ವಿಚಾರಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸೊಗಸು. ಬೇಗ ಏಳುವವರಲ್ಲಿ ಬಿಳಿ-ಬಂಗಾರ ಕಂಡವರು ಜಾಸ್ತಿ, ರಾತ್ರಿ ಎಚ್ಚರವಿರುವವರಲ್ಲಿ ಕಮ್ಮಿ. ಹಗಲು ಬೆಳಕಲ್ಲಿ ಹೆಚ್ಚು ಹೊತ್ತು ಕಳೆದ ಮಿದುಳು ಹಗಲು ಬೆಳಕನ್ನೇ ಊಹಿಸುತ್ತದೆ ಅನ್ನುವುದು ಅವರ ವಿವರಣೆ. ಅಂದರೆ ನಾವು ಎಷ್ಟು ಗಂಟೆಗೆ ಏಳುತ್ತೇವೆ ಅನ್ನುವುದಕ್ಕೂ ಯಾವ ಬಣ್ಣ ಕಾಣುತ್ತದೆ ಅನ್ನುವುದಕ್ಕೂ ನಂಟಿದೆ! ಇದನ್ನು ಮೊದಲು ಓದಿದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಬೇಗ ಏಳುವ ಮಾತು ಬಂದ ಮೇಲೆ ವಿಜ್ಞಾನಿ ಯಾನ್ ಪುರ್ಕಿನ್ಯೆಯನ್ನು ಬಿಡುವುದು ಹೇಗೆ? ಹೃದಯದ ಒಂದು ಬಗೆಯ ನಾರುಗಳಿಗೂ ಇವನ ಹೆಸರಿದೆ. ಬೊಹೆಮಿಯಾದವನಾದ (ಈಗಿನ ಚೆಕ್ ದೇಶ) ಈತನಿಗೆ ನಸುಕಿನಲ್ಲಿ ನಡೆಯುವ ರೂಢಿ. ಹಗಲಲ್ಲಿ ಕಣ್ಣು ಕುಕ್ಕುವ ಕೆಂಪು ಹೂ ಬೆಳಕು ಹರಿಯುವ ಮುಂಚೆ ಕಪ್ಪಾಗಿ, ಪಕ್ಕದ ಎಲೆಗಿಂತ ಮಂಕಾಗಿ ಕಾಣುವುದನ್ನು ಅವನು ಗಮನಿಸಿದ. ಅದು 1819ರ ಸುಮಾರು. ಕಾರಣ ಈಗ ಗೊತ್ತಿದೆ. ನಸುಕಿನಲ್ಲಿ ಕೆಲಸ ಮಾಡುವುದು ಅಕ್ಷಿಪಟದ, ಅಂದರೆ ಕಣ್ಣಿನ ಹಿಂಬದಿಯ ಪರದೆಯ, ಕಡ್ಡಿಕೋಶಗಳು. ಅವು ಹೆಚ್ಚು ಸ್ಪಂದಿಸುವುದು 500 ನ್ಯಾನೊಮೀಟರ್ ಸುತ್ತಿನ ನೀಲಿ-ಹಸಿರಿಗೆ. ಕೆಂಪು ಅವಕ್ಕೆ ಬಹುಪಾಲು ಕಾಣುವುದೇ ಇಲ್ಲ. ಬೆಳಕೇರಿದಂತೆ ಬಣ್ಣ ಗುರುತಿಸುವ ಶಂಕುಕೋಶಗಳು ಕೆಲಸಕ್ಕೆ ಇಳಿಯುತ್ತವೆ, ಕೆಂಪು ಮರಳಿ ಬರುತ್ತದೆ. ಅಷ್ಟು ಜನ ಅದೇ ಹೂ ನೋಡುತ್ತ ಓಡಾಡಿದ್ದರು. ಇವನು ದಿನಾ ಒಂದೇ ಹೊತ್ತಿಗೆ ನಡೆದ, ನಿಂತು ನೋಡಿದ.

ಚಿತ್ರಕಾರ ಕ್ಲೋಡ್ ಮೊನೆ 1890-91ರಲ್ಲಿ ಮಾಡಿದ್ದೂ ಇಂಥದ್ದೇ. ಮನೆ ಹತ್ತಿರದ ಹೊಲದ ಬಣವೆಗಳನ್ನು ಸುಮಾರು 25 ಸಲ ಬರೆದ. ಬೆಳಕು ಬದಲಾದ ಕೂಡಲೇ ಕ್ಯಾನ್ವಾಸ್ ಬದಲಾಯಿಸುತ್ತಿದ್ದ.

ಕ್ಯಾಮೆರಾ ಒಳಗಿಟ್ಟು ಯಾಕೆ ಕೂರಬೇಕು ಅಂತ ಕೇಳುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಒಂದು ಮ್ಯೂಸಿಯಮ್ಮಿನಲ್ಲಿ ವಿದ್ಯಾರ್ಥಿಗಳಿಗೆ ಕೆಲವು ವಸ್ತುಗಳ ಫೋಟೊ ತೆಗೆಯಲು, ಕೆಲವನ್ನು ಬರೀ ನೋಡಲು ಹೇಳಿದರು. ಮಾರನೆಯ ದಿನ ಫೋಟೊ ತೆಗೆದ ವಸ್ತುಗಳೇ ಕಮ್ಮಿ ನೆನಪಿದ್ದವು. ಆದರೆ ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರಿಗೆ ಈ ಮರೆವು ಕಾಡಲಿಲ್ಲ. 2014ರಲ್ಲಿ ಪ್ರಕಟವಾದ ಅಧ್ಯಯನ ಇದು. ಅವಸರದ ಕ್ಲಿಕ್ಕು 'ಕ್ಯಾಮೆರಾ ಇಟ್ಟುಕೊಳ್ಳುತ್ತೆ, ನಾನು ಬಿಡಬಹುದು' ಅಂತ ಮನಸ್ಸಿಗೆ ಹೇಳಿಕೊಡುತ್ತದೆ ಅಂತ ನನಗನಿಸುತ್ತದೆ. ಅದಕ್ಕೇ ಮೊದಲು ಗೋಡೆ, ಆಮೇಲೆ ಕ್ಯಾಮೆರಾ. ಕಂಡದ್ದನ್ನು ಒಂದು ಸಾಲಿನಲ್ಲಿ ನೋಟ್‌ಬುಕ್ಕಿಗೆ ಬರೆದಿಡುತ್ತೇನೆ. ಕೆಲಸ ಸಿಗದ ವಾರಗಳಲ್ಲಿ, ತೆಗೆದದ್ದೆಲ್ಲ ಸಪ್ಪೆ ಅನಿಸುವ ದಿನಗಳಲ್ಲಿ ಮನಸ್ಸು ನೆಲೆ ನಿಲ್ಲುವುದು ಆ ಒಂದು ಸಾಲಿನಿಂದಲೇ.

ಈ ಜನವರಿಯಲ್ಲಿ ಕೇಪಳ ಯಾವ ನಿಮಿಷಕ್ಕೆ ಕೆಂಪಾಗುತ್ತದೆ ಅಂತ ಬರೆಯುತ್ತಿದ್ದೇನೆ. ಮೊನ್ನೆ 6 ಗಂಟೆ 22. ನಿನ್ನೆಯೂ ಅದೇ. ಇವತ್ತು ಮೋಡ ಕವಿದಿತ್ತು, 6 ಗಂಟೆ 27.