ಪರದೆ ಕಟ್ಟೋಕೆ ಯಾರ ಅನುಮತಿ ಬೇಕು?

ಪರಿಸರದ ಬಗ್ಗೆ ಒಂದು ಸಾಕ್ಷ್ಯಚಿತ್ರ ಹಾಕಬೇಕು, ಮುಗಿದ ಮೇಲೆ ಕೂತು ಮಾತಾಡಬೇಕು. ಇಷ್ಟೇ ತಾನೇ? ಆದರೆ ಹಾಲ್ ಕೊಡುವವರು ಮೊದಲು ಪೊಲೀಸ್ ಪರ್ಮಿಶನ್ ಕೇಳುತ್ತಾರೆ. ಠಾಣೆಗೆ ಹೋದರೆ ಸೆನ್ಸಾರ್ ಸರ್ಟಿಫಿಕೇಟ್ ಎಲ್ಲಿ ಅನ್ನುತ್ತಾರೆ. ಚಿತ್ರ ಮಾಡಿದವರಿಗೆ ಫೋನ್ ಮಾಡಿದರೆ, ಹಕ್ಕು ಚಾನೆಲ್‌ನವರ ಹತ್ತಿರ ಇದೆ ಅನ್ನುತ್ತಾರೆ. ಯಾರೂ ಬೇಡ ಅಂದಿಲ್ಲ, ಆದರೂ ಕಾರ್ಯಕ್ರಮ ಮುಂದಕ್ಕೆ ಹೋಗುತ್ತೆ.

ಶುರುವಿನಲ್ಲಿ ಈ ತಾಪತ್ರಯ ಇರಲಿಲ್ಲ. ತೋರಿಸುತ್ತಿದ್ದದ್ದೇ ಸರ್ಕಾರ. 1948ರಲ್ಲಿ ಫಿಲಂಸ್ ಡಿವಿಷನ್ ಹುಟ್ಟಿತು. ಅದರ ಚಿತ್ರಗಳನ್ನು ಟಾಕೀಸಿನಲ್ಲಿ ಮುಖ್ಯ ಸಿನಿಮಾಕ್ಕೆ ಮುಂಚೆ ಹಾಕಲೇಬೇಕಿತ್ತು. ಜನರಿಗೆ ಅದು ಕಡಲೆಕಾಯಿ ಪೊಟ್ಟಣ ತಂದು ಸೀಟು ಹುಡುಕಿಕೊಳ್ಳುವ ಟೈಮು. ಟಾಕೀಸಿಲ್ಲದ ಊರಿಗೆ ವಾರ್ತಾ ಇಲಾಖೆಯ ಜೀಪು ಬರುತ್ತಿತ್ತು. ಆ ಕಾಲದ ಚಿತ್ರಗಳಲ್ಲಿ ಅಣೆಕಟ್ಟೇ ಹೀರೋ. ಮುಳುಗಿದ ಊರಿನವರಿಗೆ ಅಷ್ಟಾಗಿ ಪಾರ್ಟು ಸಿಗುತ್ತಿರಲಿಲ್ಲ. ನೋಡಿದ ಮೇಲೆ ಚರ್ಚೆ ಅನ್ನೋದಂತೂ ಇರಲೇ ಇಲ್ಲ.

ಗಂಟು ಇರುವುದು 1952ರ ಸಿನೆಮಾಟೋಗ್ರಾಫ್ ಕಾಯ್ದೆಯಲ್ಲಿ. ಸಾರ್ವಜನಿಕವಾಗಿ ತೋರಿಸುವ ಚಿತ್ರಕ್ಕೆ ಸರ್ಟಿಫಿಕೇಟ್ ಬೇಕು ಅಂತ ಅದು ಹೇಳಿತು. ಹಾಗಾದರೆ ಐವತ್ತು ಕುರ್ಚಿಯ ಶಾಲಾ ಹಾಲ್ ಸಾರ್ವಜನಿಕವಾ? ಸಂಘದ ಸದಸ್ಯರಿಗೆ ಮಾತ್ರ ತೋರಿಸಿದರೆ? ಇದಕ್ಕೆ ಕಾಯ್ದೆಯಲ್ಲಿ ನೇರ ಉತ್ತರ ಸಿಗುವುದಿಲ್ಲ. ನಿರ್ದೇಶಕ ಕೆ.ಎ. ಅಬ್ಬಾಸ್ ಅವರ ಪುಟ್ಟ ಸಾಕ್ಷ್ಯಚಿತ್ರವೊಂದರ ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು. ಮೊದಲೇ ಸೆನ್ಸಾರ್ ಮಾಡುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 1970ರಲ್ಲಿ ಕೋರ್ಟ್ ಹೇಳಿತು. ಕಥಾಚಿತ್ರಕ್ಕೂ ಸಾಕ್ಷ್ಯಚಿತ್ರಕ್ಕೂ ಅಳತೆಗೋಲು ಒಂದೇ ಆಗಿ ಉಳಿಯಿತು.

ತಮಾಷೆ ಅಂದರೆ, ಪರಿಸರದ ಚಿತ್ರ ತೋರಿಸಿ ಅಂತ ಒತ್ತಾಯ ಮಾಡಿದ್ದೂ ಅದೇ ಕೋರ್ಟು. ಪರಿಸರದ ಕೇಸು ನಡೆಸುವ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯಲ್ಲಿ 1991ರ ನವೆಂಬರಿನಲ್ಲಿ ಆದೇಶ ಬಂತು. ಪ್ರತಿ ಆಟದಲ್ಲೂ ಪರಿಸರದ ಕನಿಷ್ಠ ಎರಡು ಸ್ಲೈಡ್ ಪುಕ್ಕಟೆ ತೋರಿಸಬೇಕು, ಟಾಕೀಸಿನ ಲೈಸೆನ್ಸಿಗೆ ಅದೇ ಷರತ್ತು. ಮರುವರ್ಷ ಇನ್ನೊಂದು ತೀರ್ಪು. ಭೋಪಾಲ್ ಅನಿಲ ದುರಂತದ ಬಗೆಗಿನ, ರಾಷ್ಟ್ರಪ್ರಶಸ್ತಿ ಪಡೆದ ಚಿತ್ರವನ್ನು ದೂರದರ್ಶನ ಪ್ರಸಾರ ಮಾಡದೆ ಇಟ್ಟುಕೊಂಡಿತ್ತು. ಪ್ರಸಾರ ಮಾಡಲೇಬೇಕು ಅಂದಿತು ಕೋರ್ಟ್. ಮರ ನೆಡಿ ಅನ್ನುವ ಸ್ಲೈಡ್ ಯಾರಿಗೂ ಚುಚ್ಚುವುದಿಲ್ಲ. ಗ್ಯಾಸ್ ಸೋರಿದ್ದು ಹೇಗೆ ಅಂತ ಕೇಳುವ ಚಿತ್ರ ಹೊರಗೆ ಬರಬೇಕಾದರೆ ಕೋರ್ಟಿನ ಮೆಟ್ಟಿಲು ಹತ್ತಬೇಕು.

ಚಿತ್ರಗಳು ನಿಜವಾಗಿ ಜನರ ಕೈಗೆ ಬಂದದ್ದು ಸಿ.ಡಿ. ಬಂದ ಮೇಲೆ. ರೀಲಿನ ಡಬ್ಬ ಹೊರುವ ಕೆಲಸ ಇಲ್ಲ. ಪ್ರೊಜೆಕ್ಟರು ಮದುವೆ ವಿಡಿಯೊ ತೆಗೆಯುವವರ ಹತ್ತಿರ ಬಾಡಿಗೆಗೆ ಸಿಗುತ್ತಿತ್ತು. ಮಲೆನಾಡಿನಲ್ಲಿ ಅದು ಕುದುರೆಮುಖದ ಕಾಲ. ರಾಷ್ಟ್ರೀಯ ಉದ್ಯಾನದ ನಡುವೆಯೇ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು. ಮಳೆಗಾಲ ಬಂತೆಂದರೆ ಭದ್ರಾ ಹೊಳೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಗಣಿಯ ಗುತ್ತಿಗೆ 1999ಕ್ಕೆ ಮುಗಿದರೂ ಕೆಲಸ ನಿಂತಿರಲಿಲ್ಲ. 2001ರಲ್ಲಿ ವನ್ಯಜೀವಿ ಚಿತ್ರಗಳ ನಿರ್ದೇಶಕ ಶೇಖರ್ ದತ್ತಾತ್ರಿ ಇದರ ಬಗ್ಗೆ ಒಂದು ಕಿರುಚಿತ್ರ ಮಾಡಿದರು, ಕಾಲು ಗಂಟೆಯೂ ಇಲ್ಲ.

ಸೊಸೈಟಿ ಕಟ್ಟಡದ ಮಹಡಿಯಲ್ಲಿ ಅಂಥದ್ದೊಂದು ಪ್ರದರ್ಶನ ನೋಡಿದ್ದು ನೆನಪಿದೆ. ಕಿಟಕಿಗೆ ಗೋಣಿಚೀಲ, ಗೋಡೆಗೆ ಬಿಳಿ ಪಂಚೆ. ವಿವರಣೆ ಇಂಗ್ಲಿಷಿನಲ್ಲಿ. ಹಾಗಾಗಿ ಮೇಷ್ಟ್ರೊಬ್ಬರು ಎರಡು ನಿಮಿಷಕ್ಕೊಮ್ಮೆ ಚಿತ್ರ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದರು. ನಿಲ್ಲಿಸಿದಾಗಲೆಲ್ಲ ಜನ ಬಾಯಿ ಹಾಕುತ್ತಿದ್ದರು. "ಸ್ವಲ್ಪ ಹಿಂದೆ ಬಿಡಿ ಸಾರ್, ಆ ಗುಡ್ಡ ನೋಡ್ಬೇಕು." "ಗಣಿ ಮುಚ್ಚಿದ್ರೆ ನಮ್ ಹುಡ್ಗ ಎಲ್ಲಿಗೆ ಹೋಗ್ಬೇಕು?" ಹಿಂದಿನ ಸಾಲಿನಿಂದ ಇನ್ನೊಬ್ಬರು, "ಇವತ್ತು ಗಣಿ, ನಾಳೆ ಪಾರ್ಕು ಅಂತ ನಮ್ಮನ್ನೂ ಎಬ್ಬಿಸ್ತಾರಾ?" ಚಿತ್ರದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಇರಲಿಲ್ಲ. ಸಂಘಟಕರ ಹತ್ತಿರವೂ ಇರಲಿಲ್ಲ. ಆದರೂ ಒಂದೂವರೆ ಗಂಟೆ ಯಾರೂ ಎದ್ದು ಹೋಗಲಿಲ್ಲ. ಸೆನ್ಸಾರ್ ಮಂಡಳಿ ನೋಡುವುದು ಚಿತ್ರವನ್ನು. ಊರಿಗೆ ಬೇಕಾಗಿದ್ದದ್ದು ಮಧ್ಯದ ಈ ಮಾತು.

ವನ್ಯಜೀವಿ ಸಂರಕ್ಷಕ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು. ಸಿನಿಮಾದಿಂದಲೇ ನಿಂತಿತು ಅನ್ನೋದು ಜಾಸ್ತಿ ಆಯ್ತು. ಆದರೆ ತೀರ್ಪು ಬರುವ ಹೊತ್ತಿಗೆ ಆ ವಿಷಯ ಪೇಟೆಯಲ್ಲಿ, ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಅದೇ ಹೊತ್ತಿಗೆ ಮುಂಬೈ ಅಂತರರಾಷ್ಟ್ರೀಯ ಸಾಕ್ಷ್ಯಚಿತ್ರೋತ್ಸವದಲ್ಲಿ ಭಾರತೀಯ ಚಿತ್ರಗಳಿಗೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು ಅನ್ನುವ ನಿಯಮ ಬಂತು. ಗಲಾಟೆಯಾದ ಮೇಲೆ ನಿಯಮ ಹಿಂದೆ ಹೋಯಿತು, ಆದರೆ ಹಲವು ಚಿತ್ರಗಳು ಆಯ್ಕೆಯಾಗಲಿಲ್ಲ. ನಿರ್ದೇಶಕರು 2004ರಲ್ಲಿ 'ವಿಕಲ್ಪ' ಅಂತ ತಮ್ಮದೇ ಉತ್ಸವ ಮಾಡಿದರು. ಅದರ ಬಳ್ಳಿ ಬೆಂಗಳೂರಿಗೂ ಹಬ್ಬಿತು. 2005ರಿಂದ ಬೆಂಗಳೂರು ಫಿಲಂ ಸೊಸೈಟಿ ನೀರಿನ ಬಗ್ಗೆಯೇ 'ವಾಯ್ಸಸ್ ಫ್ರಮ್ ದಿ ವಾಟರ್ಸ್' ಚಿತ್ರೋತ್ಸವ ಶುರು ಮಾಡಿತು.

ಈಗ ಎಲ್ಲ ಫೋನಿನಲ್ಲಿದೆ. ಇಂಟರ್ನೆಟ್ಟಿಗೆ ಸಿನೆಮಾಟೋಗ್ರಾಫ್ ಕಾಯ್ದೆ ಅನ್ವಯಿಸುವುದಿಲ್ಲ ಎಂದು 2019ರಲ್ಲಿ ನಮ್ಮ ಹೈಕೋರ್ಟೂ ಹೇಳಿದೆ. 2023ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಸರ್ಟಿಫಿಕೇಟಿಗಿದ್ದ ಹತ್ತು ವರ್ಷದ ಮಿತಿ ಹೋಯಿತು. ಶಾಲಾ ಹಾಲಿನ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ. ಅಂದರೆ ಐವತ್ತು ಜನ ಐವತ್ತು ಫೋನಿನಲ್ಲಿ ನೋಡಿದರೆ ತಕರಾರಿಲ್ಲ. ಅದೇ ಐವತ್ತು ಜನ ಒಂದೇ ಗೋಡೆ ನೋಡುತ್ತಾ ಕೂತರೆ ಕಾಗದಪತ್ರ ಬೇಕು.

ಸಂಘಟಕರೂ ದಾರಿ ಹುಡುಕಿಕೊಂಡಿದ್ದಾರೆ. 'ಖಾಸಗಿ ಕೂಟ' ಅಂತ ಹಾಕುತ್ತಾರೆ. ಪೋಸ್ಟರಿನಲ್ಲಿ ವಿಳಾಸ ಇರುವುದಿಲ್ಲ, ಹೆಸರು ಕೊಟ್ಟವರಿಗೆ ಮಾತ್ರ ವಾಟ್ಸಾಪಿನಲ್ಲಿ ಲೊಕೇಶನ್ ಬರುತ್ತೆ. ಹಾಗಾಗಿ ಬರುವವರೆಲ್ಲ ಹೆಚ್ಚುಕಮ್ಮಿ ಒಂದೇ ಅಭಿಪ್ರಾಯದವರು. ಚರ್ಚೆ ಹತ್ತು ನಿಮಿಷಕ್ಕೆ ಮುಗಿಯುತ್ತೆ. ಜಗಳ ಆಡೋಣ ಅಂದರೂ ಎದುರು ಕಡೆಯವರು ಒಬ್ಬರೂ ಇರುವುದಿಲ್ಲ.