ಟ್ರಯಲ್ ಅರ್ಧಕ್ಕೆ ಬಿಟ್ಟವರನ್ನು ಲೆಕ್ಕದಿಂದಲೂ ಬಿಡಬಹುದೇ?

ಪ್ರಶ್ನೆ: ಒಂದೇ ಔಷಧಿಯ ಮೇಲೆ ನಡೆದ ಹಲವು ಕ್ಲಿನಿಕಲ್ ಟ್ರಯಲ್‌ಗಳನ್ನು ಸೇರಿಸಿ ಮೆಟಾ ವಿಶ್ಲೇಷಣೆ ಮಾಡುವಾಗ ಕೆಲವು ಟ್ರಯಲ್‌ಗಳಲ್ಲಿ ಮಾಹಿತಿ ಪೂರ್ತಿ ಸಿಗುವುದಿಲ್ಲ. ಕೊನೆಯವರೆಗೆ ಉಳಿದವರ ಲೆಕ್ಕವನ್ನಷ್ಟೇ ಹಿಡಿದರೆ ತಪ್ಪೇನು?

ಉತ್ತರ: ಮಾಹಿತಿ ಇಲ್ಲವಾದದ್ದಕ್ಕೂ ರೋಗಿಯ ಸ್ಥಿತಿಗೂ ಯಾವ ಸಂಬಂಧವೂ ಇಲ್ಲದಿದ್ದರೆ ಹೆಚ್ಚಿನ ತಪ್ಪೇನೂ ಇಲ್ಲ, ಜನ ಕಡಿಮೆಯಾದಷ್ಟು ಲೆಕ್ಕದ ಖಚಿತತೆ ಕುಗ್ಗುತ್ತದೆ, ಅಷ್ಟೆ. ಆದರೆ ಅಡ್ಡಪರಿಣಾಮ ತಾಳಲಾರದೆ ಹೋದವರು, ಗುಣ ಕಾಣದೆ ಬೇಸತ್ತು ಹೋದವರು, ಪೂರ್ತಿ ಗುಣವಾಯಿತೆಂದು ಬರುವುದನ್ನೇ ನಿಲ್ಲಿಸಿದವರು ಇವರೆಲ್ಲರೂ ಕೋಷ್ಟಕದಲ್ಲಿ ಒಂದೇ ರೀತಿಯ ಖಾಲಿ ಮನೆಗಳಾಗಿ ಕಾಣುತ್ತಾರೆ. ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲಿ ಮಂಡಿಸಿದ ವಿಚಾರದ ತಿರುಳೂ ಇದೇ: ಖಾಲಿ ಜಾಗವನ್ನು ಹೇಗೆ ತುಂಬಬೇಕೆಂದು ಕೇಳುವುದಕ್ಕೆ ಮೊದಲು ಅದು ಏಕೆ ಖಾಲಿಯಾಯಿತೆಂದು ಕೇಳಬೇಕು.

ಒಂದು ಕಾಲ್ಪನಿಕ ಟ್ರಯಲ್ ತೆಗೆದುಕೊಳ್ಳೋಣ. ಔಷಧಿಯ ಗುಂಪಿನಲ್ಲಿ 100 ಜನ, ಪ್ಲಸೀಬೊ (ಔಷಧಿಯಂತೆ ಕಾಣುವ, ಔಷಧಿಯಿಲ್ಲದ ಗುಳಿಗೆ) ಗುಂಪಿನಲ್ಲಿ 100 ಜನ. ಔಷಧಿ ಪಡೆದವರಲ್ಲಿ 70 ಜನ ಕೊನೆಯವರೆಗೆ ಉಳಿದರು, ಅವರಲ್ಲಿ 42 ಜನರಿಗೆ ಗುಣ ಕಂಡಿತು. ಪ್ಲಸೀಬೊ ಗುಂಪಿನಲ್ಲಿ 90 ಜನ ಉಳಿದರು, 45 ಜನರಿಗೆ ಗುಣ ಕಂಡಿತು. ಉಳಿದವರನ್ನಷ್ಟೇ ಎಣಿಸಿದರೆ ಶೇ. 60ಕ್ಕೆ ಎದುರಾಗಿ ಶೇ. 50, ಔಷಧಿಯೇ ಮೇಲು. ಬಿಟ್ಟುಹೋದ ಯಾರಿಗೂ ಗುಣವಾಗಿಲ್ಲವೆಂದು ಎಣಿಸಿದರೆ ಶೇ. 42ಕ್ಕೆ ಎದುರಾಗಿ ಶೇ. 45, ಈಗ ಪ್ಲಸೀಬೊ ಮೇಲು. ಟ್ರಯಲ್ ಅದೇ, ರೋಗಿಗಳೂ ಅವರೇ, ತೀರ್ಮಾನ ಮಾತ್ರ ತಿರುಗಿಬಿದ್ದಿತು. ಔಷಧಿಯ ಗುಂಪಿನಿಂದ 30 ಜನ, ಇನ್ನೊಂದರಿಂದ 10 ಜನ ಹೋದರೆಂಬುದನ್ನು ಗಮನಿಸಬೇಕು. ಎರಡೂ ಗುಂಪುಗಳು ಒಂದಕ್ಕೊಂದು ಹೋಲುವಂತಿರಲಿ ಎಂದೇ ರೋಗಿಗಳನ್ನು ಯಾದೃಚ್ಛಿಕವಾಗಿ ಹಂಚಿರುತ್ತಾರೆ. ಇಂಥ ಅಸಮಾನ ನಿರ್ಗಮನದಿಂದ ಆ ಸಮತೋಲವೇ ಕೆಡುತ್ತದೆ.

ಹಾಗಾದರೆ ಯಾವ ಊಹೆಯನ್ನು ನಂಬುವುದು? ಒಂದನ್ನೇ ಆರಿಸಿ ನಂಬುವುದು ಸರಿಯಲ್ಲ ಎಂಬುದೇ ನನ್ನ ಖಚಿತ ಅಭಿಪ್ರಾಯ. ಬಿಟ್ಟುಹೋದವರಲ್ಲಿ ಗುಣ ಕಂಡವರ ಪ್ರಮಾಣವು ಅದೇ ಗುಂಪಿನಲ್ಲಿ ಉಳಿದವರ ಪ್ರಮಾಣದ ಅರ್ಧದಷ್ಟಿತ್ತು ಎಂದುಕೊಂಡರೆ ಮೇಲಿನ ಲೆಕ್ಕ ಶೇ. 51 ಮತ್ತು ಶೇ. 47.5 ಆಗುತ್ತದೆ, ಕಾಲು ಭಾಗ ಎಂದುಕೊಂಡರೆ ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮಸಮವಾಗುತ್ತವೆ. ಹೀಗೆ ಊಹೆಯನ್ನು ಹಂತಹಂತವಾಗಿ ಬಿಗಿಗೊಳಿಸುತ್ತ ಹೋಗಿ, ತೀರ್ಮಾನ ಎಲ್ಲಿ ಮುರಿಯುತ್ತದೆಂದು ತೋರಿಸಿದರೆ, ಆ ಮುರಿಯುವ ಬಿಂದು ನಂಬುವಂಥದ್ದೋ ಅಲ್ಲವೋ ಎಂಬುದನ್ನು ಆ ರೋಗವನ್ನು ಬಲ್ಲ ವೈದ್ಯರು ಹೇಳಬಲ್ಲರು. ಬಿಟ್ಟುಹೋದವರ ಕೊನೆಯ ಅಳತೆಯನ್ನೇ ಮುಂದಕ್ಕೆ ಎಳೆದುಕೊಳ್ಳುವ ಹಳೆಯ ರೂಢಿಯ ಬಗ್ಗೆ ಮಾತ್ರ ಬಹಳ ಎಚ್ಚರ ಬೇಕು. ಆಲ್‌ಜೈಮರ್ಸ್‌ನಂತೆ ದಿನಕಳೆದಂತೆ ಉಲ್ಬಣಿಸುವ ಕಾಯಿಲೆಯಲ್ಲಿ ಬೇಗ ಹೊರಬಿದ್ದವರ ಸ್ಥಿತಿ ಅಲ್ಲಿಗೇ ನಿಂತಂತೆ ತೋರುವುದರಿಂದ, ಹೆಚ್ಚು ಜನರನ್ನು ಬೇಗ ಓಡಿಸಿದ ಔಷಧಿಯೇ ಒಳ್ಳೆಯದೆನಿಸಿಕೊಂಡುಬಿಡಬಹುದು.

ಮೆಟಾ ವಿಶ್ಲೇಷಣೆಯಲ್ಲಿ ಇನ್ನೊಂದು ತೊಡಕಿದೆ, ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಎಲ್ಲ ಟ್ರಯಲ್‌ಗಳಿಗೂ ಸಮಾನ ತೂಕವಿರುವುದಿಲ್ಲ. ಯಾವುದರ ಫಲಿತಾಂಶ ಹೆಚ್ಚು ಖಚಿತವೋ ಅದಕ್ಕೆ ಹೆಚ್ಚು ತೂಕ. ಮೂವತ್ತು ಜನರ ಫಲಿತಾಂಶವನ್ನು ಊಹಿಸಿ ತುಂಬಿ, ಆಮೇಲೆ ನೂರು ಜನರನ್ನೂ ಕಣ್ಣಾರೆ ಕಂಡವರಂತೆ ಲೆಕ್ಕ ಹಾಕಿದರೆ, ಊಹೆಯೇ ಹೆಚ್ಚಿರುವ ಟ್ರಯಲ್ ಸಲ್ಲದ ಖಚಿತತೆ ಪಡೆದು, ಪೂರ್ಣ ಮಾಹಿತಿಯಿರುವ ಟ್ರಯಲ್‌ನ ಜೊತೆಗೆ ಸರಿಸಮನಾಗಿ ನಿಂತುಬಿಡುತ್ತದೆ. ಆದ್ದರಿಂದ ಊಹೆಯಲ್ಲಿರುವ ಅನಿಶ್ಚಿತತೆಯನ್ನೂ ಲೆಕ್ಕಕ್ಕೆ ಸೇರಿಸಿ, ಅಂಥ ಟ್ರಯಲ್‌ನ ತೂಕ ತಾನಾಗಿ ಇಳಿಯುವಂತೆ ಮಾಡಬೇಕು.

ಕಾಣೆಯಾದದ್ದು ಜನರಲ್ಲ, ಬರೀ ಒಂದು ಅಂಕಿ ಎಂದಾದರೆ ದಾರಿ ಸುಲಭ. ಉದಾಹರಣೆಗೆ, ವರದಿಯಲ್ಲಿ ಸರಾಸರಿ ಇರುತ್ತದೆ, ಮಾನಕ ವಿಚಲನೆ (ಒಬ್ಬೊಬ್ಬರ ಅಂಕಿ ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆ) ಇರುವುದಿಲ್ಲ. 100 ಜನರ ಗುಂಪಿನಲ್ಲಿ ರಕ್ತದೊತ್ತಡ ಸರಾಸರಿ 8 ಅಂಕ ಇಳಿಯಿತು, ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) 6ರಿಂದ 10 ಎಂದಿದ್ದರೆ, ಅದರ ಅಗಲವಾದ 4ನ್ನು ಶೇ. 95ಕ್ಕೆ ಹೊಂದುವ ನಿಗದಿತ ಸಂಖ್ಯೆಯಾದ 3.92ರಿಂದ ಭಾಗಿಸಿ, 100ರ ವರ್ಗಮೂಲವಾದ 10ರಿಂದ ಗುಣಿಸಿದಾಗ ಸುಮಾರು 10.2 ಸಿಗುತ್ತದೆ, ಬೇಕಾದ ಮಾನಕ ವಿಚಲನೆ ಅದೇ. (ಗುಂಪು ತೀರ ಚಿಕ್ಕದಾಗಿದ್ದರೆ 3.92ರ ಬದಲು ಟಿ-ವಿತರಣೆಯ ಬೆಲೆ ಹಿಡಿಯಬೇಕು.) ಇದು ಊಹೆಯಲ್ಲ, ವರದಿಯಲ್ಲೇ ಅಡಗಿರುವುದನ್ನು ಹೊರತೆಗೆಯುವ ಕೆಲಸ. ಹಾಗೆ ತೆಗೆಯಲು ಏನೂ ಇಲ್ಲದಾಗ ಅಂಥದ್ದೇ ಬೇರೊಂದು ಟ್ರಯಲ್‌ನಿಂದ ಎರವಲು ಪಡೆಯುವುದುಂಟು. ಆಗ ಅಂಕಿ ಕಾಣೆಯಾಗಿದ್ದ ಟ್ರಯಲನ್ನು ಬಿಟ್ಟೂ ಒಮ್ಮೆ ಲೆಕ್ಕ ಮಾಡಿ ನೋಡಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಇಡೀ ಟ್ರಯಲ್ಲೇ ಕಾಣೆಯಾಗುವುದು. ಎರಿಕ್ ಟರ್ನರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವು ಖಿನ್ನತೆಯ 12 ಔಷಧಿಗಳ ಕುರಿತು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಲ್ಲಿ ದಾಖಲಾಗಿದ್ದ 74 ಟ್ರಯಲ್‌ಗಳನ್ನು ಪರಿಶೀಲಿಸಿತು. ಔಷಧಿಯ ಪರವಾಗಿವೆ ಎಂದು ಎಫ್‌ಡಿಎ ಪರಿಗಣಿಸಿದ್ದ 38ರಲ್ಲಿ 37 ಪ್ರಕಟವಾಗಿದ್ದವು. ಉಳಿದ 36ರಲ್ಲಿ 22 ಪ್ರಕಟವಾಗಿರಲೇ ಇಲ್ಲ, 11 ಪರವಾಗಿವೆ ಎನ್ನಿಸುವಂತೆ ಪ್ರಕಟವಾಗಿದ್ದವು, ಇದ್ದದ್ದನ್ನು ಇದ್ದಂತೆ ಹೇಳಿದ್ದು 3 ಮಾತ್ರ. ಪ್ರಕಟಿತ ಲೇಖನಗಳನ್ನಷ್ಟೇ ಕೂಡಿಸಿದಾಗ ಔಷಧಿಗಳ ಪರಿಣಾಮ ಒಟ್ಟಾರೆ ಶೇ. 32ರಷ್ಟು ಉಬ್ಬಿ ಕಾಣುತ್ತಿತ್ತು. ಈ ಕೊರತೆಯ ಸುಳಿವನ್ನು, ಪ್ರತಿ ಟ್ರಯಲ್‌ನ ಫಲಿತಾಂಶವನ್ನು ಅದರ ಖಚಿತತೆಯ ಎದುರು ಗುರುತಿಸುವ ಚಿತ್ರವಾದ ಫನೆಲ್ ಪ್ಲಾಟ್‌ನ ಓರೆಯಲ್ಲಿ ಕಾಣಬಹುದಾದರೂ, ಓರೆಗೆ ಬೇರೆ ಕಾರಣಗಳೂ ಇರಬಲ್ಲವು. ಆದ್ದರಿಂದ ವಿಶ್ಲೇಷಣೆಗೆ ಕೂರುವ ಮೊದಲೇ ಟ್ರಯಲ್ ನೋಂದಣಿಗಳನ್ನು ಹುಡುಕಿ, ಆರಂಭವಾದ ಟ್ರಯಲ್‌ಗಳ ಪಟ್ಟಿಯನ್ನು ಪ್ರಕಟವಾದವುಗಳ ಪಟ್ಟಿಯೊಂದಿಗೆ ತಾಳೆ ನೋಡಿ, ಇಲ್ಲದ ಪ್ರತಿಯೊಂದಕ್ಕೂ ಸಂಶೋಧಕರಿಗೆ ಪತ್ರ ಬರೆಯಬೇಕು. ಎಷ್ಟು ಪತ್ರಗಳಿಗೆ ಉತ್ತರ ಬರಲಿಲ್ಲವೆಂಬುದನ್ನೂ ವರದಿಯಲ್ಲಿ ದಾಖಲಿಸಬೇಕು.